‘ಮೋಟಾರು ಹೋಗಿದೆ ಸಾರ್, ಸೆಟ್ ಹಾಕ್ಬೇಕು’

ಕಳೆದ ವರ್ಷ ಜೂನ್ ಕೊನೆಯಲ್ಲಿ ಸರ್ವಿಸ್ ಸೆಂಟರಿನ ಹುಡುಗನೊಬ್ಬ ಒಂದು ಕಾಗದವನ್ನು ನನ್ನ ಕೈಗಿಟ್ಟ. ಅದರಲ್ಲಿ ಮೂರೇ ಸಾಲು. ಶಿಫ್ಟ್ ಮೋಟಾರ್ ಬದಲಾವಣೆ, ಕಂಟ್ರೋಲ್ ಮಾಡ್ಯೂಲ್ ಬದಲಾವಣೆ, ಕೂಲಿ. ಕೆಳಗೆ 46,800 ರೂಪಾಯಿ. ‘ಮೋಟಾರು ಹೋಗಿದೆ ಸಾರ್, ಸೆಟ್ ಹಾಕ್ಬೇಕು’ ಅಂದ. ಬಿಚ್ಚಿ ನೋಡಿದ್ರಾ ಎಂದು ಕೇಳಿದೆ. ‘ಸ್ಕ್ಯಾನರಲ್ಲಿ ಬಂದಿದೆ ಸಾರ್.’ ಸರಿ, ಗಾಡಿ ಕೆಳಗೆ ಯಾರಾದ್ರೂ ಹೋಗಿದ್ರಾ? ಹುಡುಗ ನಕ್ಕ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಅಂಚೆ ಕಚೇರಿಯಲ್ಲಿ ಟೆಲಿಗ್ರಾಂ ಕೇಳಿದವನನ್ನು ನೋಡಿ ನಗುವ ಹಾಗೆ ನಕ್ಕ, ಅಷ್ಟೆ.

ಆ ಮೋಟಾರು ಹೋಗಿರಲಿಲ್ಲ. ಮಾಡ್ಯೂಲೂ ಹೋಗಿರಲಿಲ್ಲ. ಕೊನೆಗೆ ಖರ್ಚಾದದ್ದು ಸಾಮಾನಿಗೆ 340 ರೂಪಾಯಿ, ಒಂದು ಮಧ್ಯಾಹ್ನ, ಮತ್ತು ನಾನು ಒತ್ತಾಯ ಮಾಡಿ ಕೊಟ್ಟ ಕೂಲಿ. ಉಳಿದ ಹಣದ ಲೆಕ್ಕ ಹೇಳಿ ಜಂಬ ಪಡುವುದಕ್ಕೆ ಇದನ್ನು ಬರೆಯುತ್ತಿಲ್ಲ. ನೋಡದೆ ಹೇಳುವುದು ಒಂದು ವೃತ್ತಿಯಾಗಿ ನಿಂತುಬಿಟ್ಟಿದೆ, ಅದನ್ನು ನಾವೆಲ್ಲ ಕುತ್ತಿಗೆ ಬಗ್ಗಿಸಿ ಒಪ್ಪಿಕೊಂಡಿದ್ದೇವೆ ಎಂಬ ಸಿಟ್ಟಿಗೆ ಬರೆಯುತ್ತಿದ್ದೇನೆ. ಈ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ಸಕಲೇಶಪುರದಿಂದ ಹಾನುಬಾಳು ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಕಾಫಿ ತೋಟ. ಗಾಡಿ 2011ರ ಮಾಡೆಲ್ಲಿನ ಡಬಲ್ ಕ್ಯಾಬಿನ್ ಡೀಸೆಲ್ ಪಿಕಪ್. ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಕಂಪನಿಯ ಹೆಸರು ಬೇಡ. ಬೇರೆ ಕಂಪನಿಯ ಗಾಡಿಯಾಗಿದ್ದರೂ ಇದೇ ಕತೆ ಆಗುತ್ತಿತ್ತು. ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಗೇರ್ ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಟ್ರಾನ್ಸ್‌ಫರ್ ಕೇಸ್ ಎನ್ನುತ್ತಾರೆ. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಮಾತ್ರ ಕೊಡಬೇಕೋ, ಮುಂದಿನದಕ್ಕೂ ಹಂಚಬೇಕೋ, ಹಂಚಿದ ಮೇಲೆ ವೇಗ ಇಳಿಸಿ ಎಳೆತ ಹೆಚ್ಚಿಸಬೇಕೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಟೂ ಎಚ್, ಫೋರ್ ಎಚ್, ಫೋರ್ ಎಲ್. ಹಳೇ ಜೀಪುಗಳಲ್ಲಿ ಇದಕ್ಕೆ ಕಾಲ ಬಳಿ ಪ್ರತ್ಯೇಕ ಲಿವರ್ ಇರುತ್ತಿತ್ತು. ಎಳೆದರೆ ಒಳಗಿನ ಫೋರ್ಕ್ ನೇರ ಸರಿಯುತ್ತಿತ್ತು. ನನ್ನ ಪಿಕಪ್ಪಿನಲ್ಲಿ ಲಿವರ್ ಇಲ್ಲ, ಡ್ಯಾಷ್‌ಬೋರ್ಡಿನಲ್ಲಿ ರೇಡಿಯೋ ತಿರುಪಿನಂಥ ಒಂದು ನಾಬ್ ಇದೆ. ಅದನ್ನು ತಿರುಗಿಸಿದರೆ ಮಾಡ್ಯೂಲ್ ಎಂಬ ಸಣ್ಣ ಡಬ್ಬಕ್ಕೆ ಸುದ್ದಿ ಹೋಗುತ್ತದೆ. ಅದು ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೆ ಕೂತ ಹನ್ನೆರಡು ವೋಲ್ಟಿನ ಮೋಟಾರಿಗೆ ಕರೆಂಟು ಕೊಡುತ್ತದೆ. ಮೋಟಾರು ತಿರುಗಿ, ಹಿಂದೆ ಕೈ ಮಾಡುತ್ತಿದ್ದ ಕೆಲಸವನ್ನು ಮಾಡುತ್ತದೆ.

ಮೋಟಾರು ಎಷ್ಟು ತಿರುಗಿದೆ ಎಂದು ಮಾಡ್ಯೂಲಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಕಣ್ಣಿಲ್ಲ. ಮೋಟಾರಿನ ಜೊತೆಗೇ ಒಂದು ತಟ್ಟೆ ಕೂತಿರುತ್ತದೆ. ತಟ್ಟೆಯ ಮೇಲೆ ತಾಮ್ರದ ಪಟ್ಟಿಗಳು, ಪಟ್ಟಿಯ ಮೇಲೆ ಸವರಿಕೊಂಡು ಹೋಗುವ ಸಣ್ಣ ಬೆರಳುಗಳು. ಅಲ್ಲಿಂದ ನಾಲ್ಕು ತೆಳು ತಂತಿ ಮಾಡ್ಯೂಲಿಗೆ ಹೋಗುತ್ತವೆ. ಪ್ರತಿ ತಂತಿಯೂ ಹೌದು ಅಥವಾ ಇಲ್ಲ ಎನ್ನುತ್ತದೆ. ನಾಲ್ಕರ ಹೌದು-ಇಲ್ಲ ಸೇರಿ ಒಂದು ಗುರುತು. ಈ ಗುರುತು ಬಂದರೆ ಟೂ ಎಚ್, ಆ ಗುರುತು ಬಂದರೆ ಫೋರ್ ಎಲ್. ಅರ್ಥವಿಲ್ಲದ ಗುರುತು ಬಂದರೆ ಮಾಡ್ಯೂಲು ಹೆದರಿ ಮೋಟಾರನ್ನು ನಿಲ್ಲಿಸಿ ದೀಪ ಮಿಣುಕಿಸುತ್ತದೆ. ಈ ವ್ಯವಸ್ಥೆ ಹೊಸದೇನಲ್ಲ, ಅಮೆರಿಕದ ಪಿಕಪ್‌ಗಳಲ್ಲಿ 1990ರ ದಶಕದಲ್ಲೇ ಮಾಮೂಲಾಗಿತ್ತು. ನಮ್ಮಲ್ಲಿ ಆಮೇಲೆ ಬಂತು. ಬಂದಾಗ ‘ಓಡಿಸ್ತಾ ಇದ್ದ ಹಾಗೇ ಫೋರ್ ವೀಲ್’ ಎಂದು ಖುಷಿಪಟ್ಟವರಲ್ಲಿ ನಾನೂ ಒಬ್ಬ.

ಆ ಜೂನಿನಲ್ಲಿ ಮರಗಸಿ ಇನ್ನೂ ಮುಗಿದಿರಲಿಲ್ಲ. ಮಳೆ ಜೋರಾಗುವ ಮೊದಲು ನೆರಳಿನ ಮರಗಳ ಕೊಂಬೆ ಇಳಿಸಬೇಕು. ಆ ವರ್ಷ ಜನ ಸಿಗದೆ ತಡವಾಗಿ, ಮಳೆ ನಡುವೆಯೇ ಕೆಲಸ ನಡೆದಿತ್ತು. ಸಂಜೆ ನಾಲ್ಕೂವರೆಗೆ ಹಾಲುವಾಣದ ಮರದಿಂದ ಏಣಿ ಜಾರಿ ನಮ್ಮಲ್ಲಿ ಬಹಳ ವರ್ಷಗಳಿಂದ ಮರ ಹತ್ತುವವರು ಬಿದ್ದರು. ತೊಡೆಯ ಮೂಳೆ ಮುರಿದಿದೆ ಎಂದು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಎರಡು ಹಲಗೆ ಕಟ್ಟಿ ಪಿಕಪ್ಪಿನ ಹಿಂದೆ ಹಾಸಿಗೆ ಹಾಸಿ ಮಲಗಿಸಿದೆವು. ತೋಟದಿಂದ ಟಾರು ರಸ್ತೆಗೆ ಒಂದೂವರೆ ಕಿಲೋಮೀಟರು, ಅದರಲ್ಲಿ ಮೊದಲ ಅರ್ಧ ಕೆಂಪು ಮಣ್ಣಿನ ಏರು. ಮಳೆಗಾಲದಲ್ಲಿ ಅಲ್ಲಿ ಫೋರ್ ಎಲ್ ಇಲ್ಲದೆ ಹತ್ತುವ ಮಾತೇ ಇಲ್ಲ.

ಏರಿನ ಬುಡದಲ್ಲಿ ನಿಲ್ಲಿಸಿ, ನ್ಯೂಟ್ರಲ್ಲಿಗೆ ಹಾಕಿ, ಕ್ಲಚ್ ಒತ್ತಿ ನಾಬ್ ತಿರುಗಿಸಿದೆ. ಕೆಳಗೆಲ್ಲೋ ಘುರ್ ಎಂದಿತು. ನಿಂತಿತು. ದೀಪ ಮಿಣುಕತೊಡಗಿತು. ಮೊದಲ ಗೇರು ಹಾಕಿ ಕ್ಲಚ್ ಬಿಟ್ಟೆ. ಇಂಜಿನ್ ಕೂಗಿತು, ಗಾಡಿ ಅಲುಗಲಿಲ್ಲ. ಏನಾಯಿತು ನೋಡೋಣ ಎಂದು ಅಭ್ಯಾಸಬಲದಿಂದ ಗೇರಿನಲ್ಲೇ ಬಿಟ್ಟು, ಹ್ಯಾಂಡ್ ಬ್ರೇಕನ್ನು ಅರ್ಧಂಬರ್ಧ ಎಳೆದು ಇಳಿದೆ. ಗಾಡಿ ಹಿಂದಕ್ಕೆ ಸರಿಯಿತು. ಒಂದು ಗೇಣು, ಎರಡು ಗೇಣು. ಹಿಂದೆ ನಡೆದು ಬರುತ್ತಿದ್ದ ಹುಡುಗ ಚಕ್ರಕ್ಕೆ ಕಲ್ಲು ಕೊಟ್ಟ. ಇಲ್ಲದಿದ್ದರೆ ಮಲಗಿಸಿದವರ ಸಮೇತ ಗಾಡಿ ಹಳ್ಳದ ಕಡೆಗೆ ಹೋಗುತ್ತಿತ್ತು.

ಆಗ ನನಗೆ ಅರ್ಥವಾಗಿರಲಿಲ್ಲ, ಆಮೇಲೆ ಆಯಿತು. ಫೋರ್ ಎಚ್‌ಗೂ ಫೋರ್ ಎಲ್‌ಗೂ ನಡುವೆ ಟ್ರಾನ್ಸ್‌ಫರ್ ಕೇಸಿನೊಳಗೆ ಒಂದು ನ್ಯೂಟ್ರಲ್ ಇದೆ. ಮೋಟಾರು ಅಲ್ಲಿ ಅರ್ಧದಾರಿಯಲ್ಲಿ ನಿಂತರೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಕಡಿದುಹೋಗುತ್ತದೆ. ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂಬ ಧೈರ್ಯಕ್ಕೆ ಆಗ ಯಾವ ಬೆಲೆಯೂ ಇಲ್ಲ. ಹ್ಯಾಂಡ್ ಬ್ರೇಕು ಮತ್ತು ಕಲ್ಲು, ಎರಡೇ. ಇಂಥ ನಾಬ್ ಇರುವ ಗಾಡಿ ನಿಮ್ಮಲ್ಲಿದ್ದರೆ ಈ ಬರಹದ ಉಳಿದದ್ದನ್ನು ಬಿಟ್ಟರೂ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಪಕ್ಕದ ತೋಟದವರ ಹಳೇ ಜೀಪು ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅವರ ಜೀಪಿಗೆ ಹುಡ್ ಹರಿದಿದೆ, ಹಾರ್ನ್ ಇಲ್ಲ, ಲಿವರ್ ಇದೆ. ಅಷ್ಟು ಹೊತ್ತು ಟಾರ್ಪಾಲಿನ ಕೆಳಗೆ ಮಲಗಿದ್ದವರು ನೋವಿನಲ್ಲೂ ಒಂದು ಮಾತು ಹೇಳಿದರು. ‘ಅಣ್ಣಾ, ಇದು ತಿರುವಿದ್ರೆ ಹತ್ತುತ್ತೆ ಅಂದಿದ್ರಲ್ಲ.’ ಹಾಸ್ಯಕ್ಕೆ ಹೇಳಿದರೋ ಏನೋ. ನನಗೆ ಇನ್ನೂ ಕೇಳಿಸುತ್ತಿದೆ. ಅವರಿಗೆ ಆಪರೇಷನ್ ಆಯಿತು, ರಾಡ್ ಹಾಕಿದರು, ಈಗ ನಡೆಯುತ್ತಾರೆ. ಮರ ಹತ್ತುವುದಿಲ್ಲ. ಮುಕ್ಕಾಲು ಗಂಟೆ ಮೊದಲು ಹೋಗಿದ್ದರೆ ಏನಾದರೂ ಬೇರೆ ಆಗುತ್ತಿತ್ತೇ ಎಂದು ಡಾಕ್ಟರನ್ನು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಮಾರನೇ ದಿನ ಹತ್ತು ಸಲ ಅತ್ತಿತ್ತ ತಿರುಗಿಸಿದ ಮೇಲೆ ನಾಬ್ ಅದೇನೋ ಮನಸ್ಸು ಮಾಡಿ ಟೂ ಎಚ್‌ಗೆ ವಾಪಸು ಬಂತು. ಜೀಪಿನಿಂದ ಏರು ಎಳೆಸಿಕೊಂಡು ಹೊರಗೆ ತಂದು ಸರ್ವಿಸ್ ಸೆಂಟರಿಗೆ ಹೋದೆ. ಮೊದಲು ಹೇಳಿದ ಕಾಗದ ಸಿಕ್ಕಿದ್ದು ಅಲ್ಲಿ.

ಆ ಕಾಗದವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಅದರ ತರ್ಕ ನೋಡಿ. ಸ್ಕ್ಯಾನರ್ ತೋರಿಸಿದ್ದು ಶಿಫ್ಟ್ ಮೋಟಾರ್ ಸರ್ಕ್ಯೂಟಿನಲ್ಲಿ ತೊಂದರೆ ಎಂದು. ಸರ್ಕ್ಯೂಟ್ ಅಂದರೆ ಮೋಟಾರು ಮಾತ್ರವೇ? ಫ್ಯೂಸು, ರಿಲೇ, ಗ್ರೌಂಡಿನ ತಂತಿ, ಗಾಡಿಯ ಹೊಟ್ಟೆಯಡಿ ಕೆಸರು ಕುಡಿಯುತ್ತಾ ಹೋಗುವ ವೈರಿಂಗು, ಕನೆಕ್ಟರಿನ ಪಿನ್ನುಗಳು, ಮೋಟಾರು, ಅದರ ತಟ್ಟೆ, ನಾಲ್ಕು ತೆಳು ತಂತಿ, ಮಾಡ್ಯೂಲು ಎಲ್ಲ ಸೇರಿ ಸರ್ಕ್ಯೂಟು. ಸ್ಕ್ಯಾನರ್ ಒಂದು ಬೀದಿಯ ಹೆಸರು ಹೇಳಿದೆ. ಮನೆ ನಂಬರ್ ಹೇಳಿಲ್ಲ. ಬೀದಿಗೆ ಹೋಗಿ ಬಾಗಿಲು ತಟ್ಟಬೇಕಾದವನು ಎಲ್ಲಕ್ಕಿಂತ ದೊಡ್ಡ ಮನೆಯನ್ನು ಕೆಡವಿ ಹೊಸದು ಕಟ್ಟಿಸಿ ಎನ್ನುತ್ತಾನೆ. ಒಂದು ವೇಳೆ ಅದಲ್ಲವಾದರೆ ಎಂಬ ಅನುಮಾನಕ್ಕೆ ಪಕ್ಕದ ಮನೆಯನ್ನೂ ಪಟ್ಟಿಗೆ ಸೇರಿಸುತ್ತಾನೆ. ಮೋಟಾರಿನ ಜೊತೆ ಮಾಡ್ಯೂಲೂ ಯಾಕೆ ಎಂದು ಕೇಳಿದ್ದಕ್ಕೆ ಬಂದ ಉತ್ತರ ‘ಸೇಫರ್ ಸೈಡ್ ಸಾರ್’. ಯಾರ ಸೇಫ್ಟಿ? ಯಾರ ದುಡ್ಡಿನಲ್ಲಿ?

ನಾನು ಸಹಿ ಹಾಕದೆ ಬಂದೆ. ತೀರ್ಮಾನ ಮಾಡಿ ಬಂದೆನೆಂದು ಹೇಳಲಾರೆ. ಅಷ್ಟು ಹಣ ಆ ತಿಂಗಳು ಇರಲಿಲ್ಲ, ಆಸ್ಪತ್ರೆಗೆ ಕಟ್ಟಿದ್ದೆ. ಹಣ ಇದ್ದಿದ್ದರೆ ಸುಮ್ಮನೆ ಸಹಿ ಹಾಕಿ ಬಂದು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ.

ನಮ್ಮ ಪೇಟೆಯಲ್ಲಿ ಒಬ್ಬರು ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಅರವತ್ತು ದಾಟಿದೆ. ಸೆಲ್ಫು, ಡೈನಮೋ, ಟ್ರಾಕ್ಟರಿನ ದೀಪ ಇವೇ ಅವರ ಕೆಲಸ. ಎಲೆಕ್ಟ್ರಿಕ್ ಶಿಫ್ಟ್ ಮೋಟಾರು ಎಂಬುದನ್ನು ಅವರು ಹಿಂದೆ ನೋಡಿರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. ‘ನಂಗೊತ್ತಿಲ್ಲ, ನೋಡುವಾ’ ಅಂದರು. ಸರ್ವಿಸ್ ಸೆಂಟರಿನಲ್ಲಿ ನನಗೆ ಸಿಗದ ಮಾತು ಇದು.

ಅವರು ಮೊದಲು ಮಾಡಿದ ಕೆಲಸ ಇಂಜಿನ್ ಆಫ್ ಮಾಡಿಸಿದ್ದು. ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟು, ಕೀ ಮಾತ್ರ ಆನ್ ಇಟ್ಟು, ನ್ಯೂಟ್ರಲ್ಲಿನಲ್ಲಿ ನಾಬ್ ತಿರುವು ಎಂದು ನನಗೆ ಹೇಳಿ ಕೆಳಗೆ ಮಲಗಿ ಕಿವಿಗೊಟ್ಟರು. ಡ್ಯಾಷ್‌ಬೋರ್ಡಿನ ಒಳಗೆ ಟಿಕ್. ಕೆಳಗೆ ಘುರ್. ಮತ್ತೆ ಟಿಕ್. ‘ಮೋಟಾರು ಸತ್ತಿಲ್ಲ’ ಅಂದರು ಕೆಳಗಿಂದಲೇ. ಸತ್ತ ಮೋಟಾರು ಘುರ್ ಅನ್ನುತ್ತದೆಯೇ? ಏರಿನ ಬುಡದಲ್ಲಿ ನಾನೂ ಈ ಸದ್ದು ಕೇಳಿದ್ದೆ. ಕೇಳಿಯೂ ಆ ಕಾಗದದ ಮುಂದೆ ಅರ್ಧ ಗಂಟೆ ನಿಂತಿದ್ದೆ.

ಎರಡನೆಯದು ಬಲ್ಬು. ಅವರ ಬಳಿ ಮಲ್ಟಿಮೀಟರ್ ಇದೆ, ಆದರೆ ಮೊದಲು ತೆಗೆದದ್ದು ಎರಡು ತಂತಿ ಬೆಸೆದ ಹಳೇ ಹೆಡ್‌ಲೈಟ್ ಬಲ್ಬು. ‘ಮೀಟರ್ ಮೋಸ ಹೋಗ್ತದೆ, ಬಲ್ಬು ಹೋಗಲ್ಲ’ ಎಂದರು. ಆಮೇಲೆ ಯೋಚಿಸಿದರೆ ಇದರಲ್ಲಿ ಗಟ್ಟಿ ವಿದ್ಯೆ ಇದೆ. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು. ಹಾಗಾಗಿ ತುಕ್ಕು ತಿಂದು ಒಂದೆಳೆ ಉಳಿದ ತಂತಿಯಲ್ಲೂ ಹನ್ನೆರಡು ವೋಲ್ಟ್ ಇದೆ ಎಂದು ತೋರಿಸುತ್ತದೆ. ಹೆಡ್‌ಲೈಟ್ ಬಲ್ಬಿಗೆ ಉರಿಯಲು ನಾಲ್ಕೈದು ಆಂಪಿಯರ್ ಬೇಕು. ದಾರಿಯಲ್ಲಿ ಎಲ್ಲಿ ಸಡಿಲವಿದ್ದರೂ ಅದು ಮಂಕಾಗಿ ಹೇಳಿಬಿಡುತ್ತದೆ. ಕನೆಕ್ಟರನ್ನು ಬಿಚ್ಚದೆ, ಹಿಂಬದಿಯಿಂದ ಎರಡು ದಪ್ಪ ತಂತಿಗಳ ಪಕ್ಕಕ್ಕೆ ಗುಂಡುಪಿನ್ನು ತೂರಿಸಿ ಬಲ್ಬು ಕೊಟ್ಟರು. ಬಿಚ್ಚಿದರೆ ತಟ್ಟೆಯ ಸುದ್ದಿಯೂ ಕಡಿದು ಮಾಡ್ಯೂಲು ಮೋಟಾರಿಗೆ ಕರೆಂಟನ್ನೇ ಕೊಡದಿರಬಹುದು. ನಾಬ್ ತಿರುಗಿಸಿದೆ. ಬಲ್ಬು ಒಂದು ಕ್ಷಣ ಭರ್ಜರಿಯಾಗಿ ಹತ್ತಿ ಆರಿತು. ಇನ್ನೊಂದು ಕಡೆಗೆ ತಿರುಗಿಸಿದೆ, ಆಗಲೂ ಹತ್ತಿತು. ಫ್ಯೂಸು, ರಿಲೇ, ದಪ್ಪ ತಂತಿ ಎಲ್ಲ ಸರಿ. ಕರೆಂಟು ಕೊಡುವ ಮಟ್ಟಿಗೆ ಮಾಡ್ಯೂಲೂ ಸರಿ. ಅಂದಾಜಿನ ಪಟ್ಟಿಯ ಎರಡನೇ ಸಾಲಿಗೆ ಆಧಾರವೇ ಉಳಿಯಲಿಲ್ಲ. ಇಷ್ಟಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ.

ಮೋಟಾರನ್ನು ಹಿಡಿದಿದ್ದು ನಾಲ್ಕು ಬೋಲ್ಟು. ಬಿಚ್ಚಿ ಬೆಂಚಿನ ಮೇಲಿಟ್ಟು ಬ್ಯಾಟರಿಗೆ ನೇರ ಕೊಟ್ಟರು. ತಿರುಗಿತು. ತಂತಿ ಅದಲು ಬದಲು ಮಾಡಿದರೆ ಉಲ್ಟಾ ತಿರುಗಿತು. ಈ ಹೊತ್ತಿಗೆ ನನಗೆ ಅನುಮಾನ ಬೇರೆ ಕಡೆ ಹೋಗಿತ್ತು. ಟ್ರಾನ್ಸ್‌ಫರ್ ಕೇಸಿನ ಒಳಗೇ ಏನಾದರೂ ಮುರಿದು ಸಿಕ್ಕಿಕೊಂಡಿದ್ದರೆ? ಹಾಗಿದ್ದರೆ 46,800 ಕೂಡ ಕಡಿಮೆಯೇ. ಅವರು ಹೊರಗೆ ಚಾಚಿದ್ದ ಶಾಫ್ಟಿಗೆ ಸ್ಪ್ಯಾನರ್ ಕೊಟ್ಟು ತಿರುವಿದರು. ಕಟ್, ಕಟ್, ಕಟ್ ಎಂದು ಒಂದೊಂದು ಮನೆಗೂ ಬಂದು ಕೂತಿತು. ನನ್ನನ್ನು ಕರೆದು ನೀವೂ ತಿರುವಿ ನೋಡಿ ಎಂದರು. ಆ ಕಟ್ ಎಂಬುದು ಅಂಗೈಗೆ ಬಂದಾಗ ನನಗೆ ಆದ ಸಮಾಧಾನವನ್ನು ಹೇಗೆ ಹೇಳಲಿ. ಗಾಡಿ ಕೊಂಡ ಇಷ್ಟು ವರ್ಷಕ್ಕೆ ಮೊದಲ ಬಾರಿ ಅದರ ಫೋರ್ ಎಲ್ ನನ್ನ ಕೈಗೆ ತಾಗಿತ್ತು.

ಉಳಿದದ್ದು ತಟ್ಟೆ. ಮುಚ್ಚಳ ತೆಗೆದರೆ ಒಳಗೆ ಗ್ರೀಸು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಸೀಲಿನ ಸಂದಿಯಿಂದ ನೀರು ಇಳಿದು ತಾಮ್ರದ ಒಂದು ಪಟ್ಟಿಯ ಮೇಲೆ ಹಸಿರು ಕಿಲುಬು ಹಿಡಿದಿತ್ತು. ನಾಲ್ಕು ತಂತಿಯಲ್ಲಿ ಒಂದು ಹೌದು ಎನ್ನಬೇಕಾದ ಕಡೆ ಇಲ್ಲ ಎನ್ನುತ್ತಿತ್ತು. ಮಾಡ್ಯೂಲಿಗೆ ಗುರುತು ಅರ್ಥವಾಗದೆ, ಪಾಪ, ಅದು ಮಾಡಬೇಕಾದ ಕೆಲಸವನ್ನೇ ಮಾಡಿ ಮೋಟಾರನ್ನು ನಿಲ್ಲಿಸಿತ್ತು. ಕೆಟ್ಟಿದ್ದದ್ದು ಒಂದು ಉಗುರಿನಗಲ ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ, ಬೆರಳುಗಳನ್ನು ಒಂಚೂರು ಬಗ್ಗಿಸಿ ಬಿಗಿ ಮಾಡಿ, ಪ್ರತಿ ಸ್ಥಾನದಲ್ಲೂ ಮೀಟರಿನಲ್ಲಿ ನೋಡಿ, ತೆಳುವಾಗಿ ಹೊಸ ಗ್ರೀಸು ಸವರಿ, ಮುಚ್ಚಳಕ್ಕೆ ಸಿಲಿಕೋನ್ ಹಚ್ಚಿದರು. ವಾಪಸು ಕೂರಿಸುವಾಗ ಒಂದು ತಪ್ಪಾಯಿತು. ನಾವು ಶಾಫ್ಟನ್ನು ತಿರುವಿ ಬೇರೆ ಮನೆಯಲ್ಲಿ ಬಿಟ್ಟಿದ್ದರಿಂದ ಮೋಟಾರು ಅದರ ಮೇಲೆ ಕೂರಲೇ ಇಲ್ಲ. ಬಡಿದು ಕೂರಿಸಲು ನೋಡಿದ್ದು ನಾನು, ಬೈಸಿಕೊಂಡಿದ್ದೂ ನಾನು. ಶಾಫ್ಟನ್ನು ಟೂ ಎಚ್‌ಗೆ ತಂದು, ಮೋಟಾರನ್ನೂ ಬ್ಯಾಟರಿಯಲ್ಲಿ ಚೂರು ಚೂರೇ ತಿರುಗಿಸಿ ಅದೇ ಸ್ಥಾನಕ್ಕೆ ತಂದಾಗ ತಾನಾಗಿ ಕೂತಿತು.

ಈಗ ಎದುರಾಳಿಗಳ ಮಾತು. ಒಬ್ಬರು ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ನನ್ನ ನೆಂಟರು. ‘ಉಜ್ಜಿದ ತಟ್ಟೆ ಎಷ್ಟು ದಿನ ಬರುತ್ತೆ? ಹೊಸದು ಹಾಕಿದರೆ ಹತ್ತು ವರ್ಷ ನಿಶ್ಚಿಂತೆ’ ಎನ್ನುತ್ತಾರೆ. ನ್ಯಾಯವೇ. ನಾನು ಹೊಸದನ್ನು ಹಾಕಬಾರದು ಎನ್ನುತ್ತಿಲ್ಲ. ಯಾವುದನ್ನು ಹೊಸದು ಹಾಕುತ್ತಿದ್ದೇನೆ, ಯಾಕೆ ಹಾಕುತ್ತಿದ್ದೇನೆ ಎಂದು ಹೇಳಿ ಹಾಕಿ. ಆ ತಟ್ಟೆಯೊಂದನ್ನೇ ಕೊಡಿ ಎಂದು ಪಾರ್ಟ್ಸ್ ಕೌಂಟರಿನಲ್ಲಿ ಕೇಳಿ ನೋಡಿದೆ. ನನ್ನ ಗಾಡಿಗೆ ಬಿಡಿಯಾಗಿ ಬರುವುದಿಲ್ಲವಂತೆ, ಮೋಟಾರಿನ ಜೊತೆಗೇ ಬರುತ್ತದಂತೆ. ಅಂಗಿಯ ಗುಂಡಿ ಬೇಕಾದರೆ ಅಂಗಿಯನ್ನೇ ಕೊಳ್ಳಿ ಎಂಬ ಅಂಗಡಿಯಿದು. ಇದರ ಮುಂದೆ ನಿಶ್ಚಿಂತೆಯ ಮಾತು ಆಡುವವರಿಗೆ ನಾನು ಏನು ಹೇಳಲಿ.

ಇನ್ನೊಬ್ಬರು ಸರ್ವಿಸ್ ಸೆಂಟರಿನ ಮ್ಯಾನೇಜರು. ಕಾಗದ ಹಿಡಿದು ವಾಪಸು ಹೋಗಿ ಅವರೊಂದಿಗೆ ಜಗಳ ಕಾದೆ. ಸಮಾಧಾನವಾಗಿ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು. ‘ಒಂದು ಗಂಟೆ ಬಿಚ್ಚಿ ನೋಡಿದ್ರೆ ಆ ಗಂಟೆಗೆ ಕಾಸು ಯಾರು ಕೊಡ್ತಾರೆ ಸಾರ್? ನೀವು ಕೊಡ್ತೀರಾ? ಹತ್ತು ಜನದಲ್ಲಿ ಒಂಬತ್ತು ಜನ, ಏನೂ ಹಾಕಿಲ್ಲ, ಯಾಕೆ ದುಡ್ಡು ಅಂತಾರೆ.’ ಇದಕ್ಕೆ ಉತ್ತರ ಕೊಡಲು ನನಗೆ ತಡವಾಯಿತು. ಅವರು ಹೇಳಿದ್ದು ನಿಜ. ನಾವು ಡಬ್ಬಿಗೆ ದುಡ್ಡು ಕೊಡುತ್ತೇವೆ, ನೋಡುವುದಕ್ಕೆ ಕೊಡುವುದಿಲ್ಲ. ನಮ್ಮ ಎಲೆಕ್ಟ್ರಿಷಿಯನ್ ಒಂದು ಮಧ್ಯಾಹ್ನವಿಡೀ ಕೆಸರಿನಲ್ಲಿ ಮಲಗಿ 500 ರೂಪಾಯಿ ಕೇಳಿದರು. 2,000 ಕೊಟ್ಟದ್ದಕ್ಕೆ ಜಾಸ್ತಿಯಾಯಿತು ಎಂದು ಮುಖ ಕಿವಿಚಿದರು. ನೋಡುವ ವಿದ್ಯೆಗೆ ಬೆಲೆ ಇಲ್ಲ ಎಂದು ಅವರೂ ನಂಬಿಬಿಟ್ಟಿದ್ದಾರೆ. ಅವರ ಮಗ ಆ ಕೆಲಸಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಮ್ಯಾನೇಜರನ್ನು ಬಿಟ್ಟುಕೊಡುವುದಿಲ್ಲ. ನೋಡಿದ್ದಕ್ಕೆ ಗಂಟೆಗೆ ಇಷ್ಟು ಎಂದು ಗೋಡೆಯ ಮೇಲೆ ಬರೆದು ಹಾಕಲಿ, ಕೊಡುವವನು ಕೊಡುತ್ತಾನೆ, ಇಲ್ಲದವನು ಹೋಗುತ್ತಾನೆ. ನೋಡದೆ ನೋಡಿದ ಹಾಗೆ ಬರೆದುಕೊಡುವುದು ಬೇರೆಯೇ ಜಾತಿಯ ಕೆಲಸ. ವಾರಂಟಿ ಮುಗಿದ ಗಾಡಿಯ ಮಾಲೀಕನಿಗೆ ವೈರಿಂಗ್ ನಕ್ಷೆ ಕೊಡಿ ಎಂದರೆ ‘ಅದು ಕಂಪನಿ ಸಿಸ್ಟಮಲ್ಲಿರುತ್ತೆ, ಹೊರಗೆ ಕೊಡಲ್ಲ’ ಎಂದದ್ದೂ ಅವರೇ. ಏಳು ಪಿನ್ನಿನ ಕನೆಕ್ಟರಿನಲ್ಲಿ ಯಾವ ತಂತಿ ಯಾವುದು ಎಂಬುದು ಯಾವ ದೇಶದ ರಕ್ಷಣಾ ರಹಸ್ಯ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ವಾಹನಗಳ ರಿಪೇರಿ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್ಕುಗಳಿಗೂ ಕೊಡಬೇಕೆಂದು 2012ರಲ್ಲೇ ಕಾನೂನು ಮಾಡಿತು. ಕೊಲರಾಡೊ 2023ರಲ್ಲಿ ಕೃಷಿ ಯಂತ್ರಗಳಿಗೆ ಅಂಥದ್ದೇ ಕಾನೂನು ತಂದಿತು. ನಮ್ಮಲ್ಲಿ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು, ಗೃಹಬಳಕೆಯ ವಸ್ತುಗಳು, ವಾಹನ ಎಲ್ಲ ಅದರ ವ್ಯಾಪ್ತಿಗೆ ಬಂದವು. ಆ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ಶುರುವಾಯಿತು. ಆದರೆ ಪೋರ್ಟಲ್ ಕಾನೂನಲ್ಲ. ಪಾರ್ಟ್ಸ್ ಕೌಂಟರಿನಲ್ಲಿ ನಿಂತು ಅದರ ಹೆಸರು ಹೇಳಿದೆ. ಆ ಕಡೆಯಿದ್ದವರು ಅದನ್ನು ಕೇಳಿಯೇ ಇರಲಿಲ್ಲ.

ಲಿವರಿನ ಕಾಲವೇ ಚೆನ್ನಾಗಿತ್ತು ಎಂದು ನಾನು ಹಾಡುತ್ತಿದ್ದೇನೆ ಎಂದುಕೊಂಡರೆ ಅದೂ ತಪ್ಪು. ನಮ್ಮಪ್ಪನ ಜೀಪಿನ ಲಿವರ್ ಮಳೆಗಾಲದಲ್ಲಿ ಕಚ್ಚಿಕೊಂಡರೆ ಇಬ್ಬರು ಸೇರಿ ಒದೆಯಬೇಕಿತ್ತು. ಅಮ್ಮ ಆ ಕಾರಣಕ್ಕೇ ಓಡಿಸುವುದು ಬಿಟ್ಟಳು. ನನ್ನ ಮಗಳು ಈ ನಾಬನ್ನು ಒಂದು ಬೆರಳಿನಲ್ಲಿ ತಿರುಗಿಸಿ ಸಲೀಸಾಗಿ ಏರು ಹತ್ತಿಸುತ್ತಾಳೆ. ನಾಬ್ ಇರಲಿ. ಕಚ್ಚಿಕೊಂಡ ಲಿವರ್ ಮಾತ್ರ ಎಲ್ಲಿ ಕಚ್ಚಿಕೊಂಡಿದೆ ಎಂದು ಕೈಗೇ ಹೇಳುತ್ತಿತ್ತು. ನಾಬ್ ಹೇಳುವುದಿಲ್ಲ, ದೀಪ ಮಿಣುಕಿಸಿ ಸುಮ್ಮನಾಗುತ್ತದೆ. ಕೈಗೆ ಸಿಗುತ್ತಿದ್ದ ಸುದ್ದಿಯನ್ನು ಕಸಿದುಕೊಂಡವರು ಅದನ್ನು ಕಾಗದದಲ್ಲಾದರೂ ವಾಪಸು ಕೊಡಬೇಕೋ ಬೇಡವೋ?

ಇನ್ನು ನನ್ನ ಪಾಲಿನ ತಪ್ಪು. ಗ್ರೀಸು ಯಾಕೆ ಗಟ್ಟಿಯಾಯಿತು ಎಂದು ಕೇಳಿದ್ದಕ್ಕೆ ಎಲೆಕ್ಟ್ರಿಷಿಯನ್ ‘ಕಡೇ ಸಲ ಯಾವಾಗ ಹಾಕಿದ್ರಿ?’ ಎಂದು ತಿರುಗಿ ಕೇಳಿದರು. ಲೆಕ್ಕ ಹಾಕಿದೆ. ಅಕ್ಟೋಬರು. ಎಂಟು ತಿಂಗಳು ಆ ನಾಬನ್ನು ಮುಟ್ಟಿರಲಿಲ್ಲ. ಎಂಟು ತಿಂಗಳು ಕೆಸರು, ಧೂಳು, ತೊಳೆದ ನೀರು. ಆಮೇಲೆ ಒಂದು ದಿನ ಒಬ್ಬ ಮನುಷ್ಯನ ಕಾಲು ಮುರಿದಾಗ ತಿರುಗಿಸಿ, ತಿರುಗಲಿಲ್ಲವೆಂದು ಬೈದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ತಿಂಗಳಿಗೊಮ್ಮೆ ಫೋರ್ ವೀಲ್ ಹಾಕಿ ಸ್ವಲ್ಪ ದೂರ ಓಡಿಸಿ ಎಂದು ಬರೆದಿದೆ. ಆ ಪುಸ್ತಕ ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದದ್ದೇ ಜುಲೈನಲ್ಲಿ. ಇಲ್ಲೊಂದು ಎಚ್ಚರಿಕೆ. ಒಣಗಿದ ಟಾರು ರಸ್ತೆಯಲ್ಲಿ ಈ ಅಭ್ಯಾಸ ಮಾಡಬೇಡಿ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಕ್ರಮಿಸುವ ದೂರ ಬೇರೆ ಬೇರೆ. ಟಾರಿನಲ್ಲಿ ಜಾರುವುದಕ್ಕೆ ಜಾಗವಿಲ್ಲದೆ ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಮಣ್ಣಿನ ರಸ್ತೆ ನೋಡಿಕೊಳ್ಳಿ, ನಮ್ಮ ಕಡೆ ಅದಕ್ಕೇನೂ ಬರವಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಅಂದಾಜಿನ ಕಾಗದದಲ್ಲಿ ಬದಲಾಯಿಸುವ ಪಾರ್ಟಿನ ಹೆಸರಿನ ಮೇಲೆ ಎರಡು ಸಾಲು ಬೇಕು. ಏನನ್ನು ಅಳೆದೆವು, ಎಷ್ಟು ಬಂತು. ರಕ್ತ ಪರೀಕ್ಷೆಯ ಚೀಟಿಯಲ್ಲೂ ಅಷ್ಟಿರುತ್ತದೆ. ಅದಿಲ್ಲದ ಕಾಗದಕ್ಕೆ ಸಹಿ ಹಾಕಬೇಡಿ. ಅದನ್ನು ಕೇಳಿದವರಿಗೆ ಆ ಅಳತೆಯ ಕೂಲಿಯನ್ನು ಗೊಣಗದೆ ಕೊಡಿ.

ಹೋದ ತಿಂಗಳು ಅತ್ತ ಬಿಸಿಲೆ ಕಡೆಯ ಪರಿಚಯದವರೊಬ್ಬರು ಫೋನು ಮಾಡಿದ್ದರು. ನನ್ನದೇ ಮಾದರಿಯ ಗಾಡಿ. ದೀಪ ಮಿಣುಕುತ್ತಿದೆ, 51,000 ಹೇಳಿದ್ದಾರೆ, ಏನು ಮಾಡಲಿ ಎಂದರು. ಇಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಯಾರನ್ನಾದರೂ ಕೆಳಗೆ ಮಲಗಿಸಿ ಸದ್ದು ಬರುತ್ತದೆಯೇ ಕೇಳಿ ಎಂದೆ. ಹತ್ತು ನಿಮಿಷ ಬಿಟ್ಟು ಅವರೇ ಮತ್ತೆ ಮಾಡಿದರು. ಸದ್ದೇ ಇಲ್ಲವಂತೆ, ಟಿಕ್ ಕೂಡ ಇಲ್ಲ. ಹಾಗಾದರೆ ಮೊದಲು ಫ್ಯೂಸ್ ನೋಡಿ ಎಂದು ಹೇಳಿ, ನಾಳೆ ಬಲ್ಬು ತಗೊಂಡು ಬರ್ತೀವಿ ಎಂದೆ. ಎಲೆಕ್ಟ್ರಿಷಿಯನ್ ಬರಲು ಒಪ್ಪಿದ್ದಾರೆ. ಕೂಲಿ 2,000 ಎಂದು ನಾನೇ ಮೊದಲೇ ಹೇಳಿಬಿಟ್ಟಿದ್ದೇನೆ.